ತೆಗೆದಿಡುವ ಸೂರು

ಹಳೆಯ ಅಮೆರಿಕನ್ ಕಾರುಗಳ ಮೇಳಕ್ಕೆ ಎಂದಾದರೂ ಹೋದರೆ ಒಂದು ಪ್ರಶ್ನೆ ಕೇಳಿ ನೋಡಿ. ಎಪ್ಪತ್ತರ ದಶಕದ ಕಾರ್ವೆಟ್ಟೋ, ಟ್ರಾನ್ಸ್ ಆ್ಯಮೋ ಕಂಡರೆ, ಅದರ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುವ ಯಜಮಾನರ ಹತ್ತಿರ ಹೋಗಿ "ಇದರ ಟಿ-ಟಾಪ್ ಸೋರುತ್ತಾ?" ಅನ್ನಿ. ಕೆಲವರು ನಕ್ಕು ಸುಮ್ಮನಾಗುತ್ತಾರೆ. ಕೆಲವರು "ನನ್ನದು ಸೋರಲ್ಲ, ಮಳೆಯಲ್ಲಿ ಆಚೆ ತೆಗೆಯೋದೇ ಇಲ್ಲವಲ್ಲ" ಅಂತಾರೆ. ಸೀಟಿನ ಹಿಂದಿನಿಂದ ಹಳೇ ಟವೆಲ್ ಒಂದನ್ನು ಎತ್ತಿ ತೋರಿಸುವವರೂ ಇದ್ದಾರೆ.

ಟಿ-ಟಾಪ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಕಾರಿನ ಸೂರಿನಲ್ಲಿ ಚಾಲಕನ ತಲೆಯ ಮೇಲೊಂದು, ಪಕ್ಕದಲ್ಲಿ ಕೂತವರ ತಲೆಯ ಮೇಲೊಂದು ಮುಚ್ಚಳ. ಚಿಲಕ ಸಡಿಲಿಸಿ ಎತ್ತಿದರೆ ಕೈಗೆ ಬರುತ್ತವೆ. ಸೀಟಿನ ಹಿಂದೆ ಪಟ್ಟಿ ಬಿಗಿದು ಇಟ್ಟರೆ ಆಯಿತು, ಮೇಲೆ ಆಕಾಶ. ಎರಡರ ನಡುವೆ ಮುಂಗಾಜಿನ ಚೌಕಟ್ಟಿನಿಂದ ಹಿಂದಿನ ಕಮಾನಿನವರೆಗೆ ಒಂದು ಅಗಲವಾದ ಪಟ್ಟಿ ಉಳಿದುಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಟಿ ಅಕ್ಷರ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಹಂಚಿನ ಮನೆಯಲ್ಲಿ ಬೆಳೆದಿದ್ದರೆ ಅಡುಗೆಮನೆಯ ಮೇಲಿನ ಗಾಜಿನ ಹಂಚನ್ನು ನೆನೆಸಿಕೊಳ್ಳಿ. ಬೆಳಕು ಅಲ್ಲಿಂದಲೇ, ಆಷಾಢದಲ್ಲಿ ಹನಿಯೂ ಅಲ್ಲಿಂದಲೇ.

ಇಂಥ ಮುಚ್ಚಳಗಳ ದುರಸ್ತಿಗೆ ಕೂತವರು ಸಾಮಾನ್ಯವಾಗಿ ಮೊದಲು ಮಾಡೋದು ಹೊಸ ರಬ್ಬರ್ ತರಿಸೋದು. ಹಳೆಯದನ್ನು ಕಿತ್ತು, ಅಂಟು ಕೆರೆದು, ಹೊಸದನ್ನು ಕೂರಿಸಿ, ಹೆಮ್ಮೆಯಿಂದ ಮೇಲೆ ನೀರು ಬಿಡುತ್ತಾರೆ. ಮತ್ತೆ ಸೋರುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ರಬ್ಬರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ನಡುವಿನ ಆ ಪಟ್ಟಿ ಅಲ್ಲಿಗೆ ಬಂದದ್ದಾದರೂ ಯಾಕೆ ಅಂತ ಕೇಳಬೇಕು.

ಗಾರ್ಡನ್ ಬ್ಯೂರಿಗ್ ಅನ್ನುವ ವಿನ್ಯಾಸಕಾರರಿಂದ ಶುರು ಮಾಡೋಣ. 1904ರಲ್ಲಿ ಹುಟ್ಟಿದವರು. ಮೂವತ್ತರ ದಶಕದಲ್ಲಿ ಇಂಡಿಯಾನಾ ರಾಜ್ಯದ ಆಬರ್ನ್, ಕಾರ್ಡ್, ಡ್ಯೂಸೆನ್‌ಬರ್ಗ್ ಕಂಪನಿಗಳಿಗೆ ಕೆಲಸ ಮಾಡಿದವರು. ಶವಪೆಟ್ಟಿಗೆಯಂಥ ಮೂತಿಯಿದೆ ಅಂತ ಜನ ಹೆಸರಿಟ್ಟ ಕಾರ್ಡ್ 810 ಅವರದೇ. ಯುದ್ಧ ಮುಗಿದ ಮೇಲೆ 1948ರಲ್ಲಿ ಟ್ಯಾಸ್ಕೋ ಎಂಬ ಒಂದು ಮಾದರಿ ಕಾರು ಮಾಡಿದರು. ಮರ್ಕ್ಯುರಿ ಕಾರಿನ ಅಡಿಪಾಯದ ಮೇಲೆ ಪೆನ್ಸಿಲ್ವೇನಿಯಾದ ಡರ್ಹ್ಯಾಮ್ ಬಾಡಿ ಕಂಪನಿಯವರು ಕಟ್ಟಿದ್ದು. ಮುಂದಿನ ಚಕ್ರಗಳ ಹೊದಿಕೆಗಳು ಚಕ್ರದ ಜೊತೆಗೇ ತಿರುಗುತ್ತವೆ. ಒಳಗೆ ಕೂತರೆ ವಿಮಾನದ ಕಾಕ್‌ಪಿಟ್ಟಿನ ಭಾವ ಬರಬೇಕು ಅನ್ನೋ ಹಟ ಇಡೀ ಕಾರಿನಲ್ಲಿ ಕಾಣುತ್ತೆ. ಆ ಕಾರಿನ ಸೂರಿನಲ್ಲಿ ಎರಡು ಮುಚ್ಚಳ, ನಡುವೆ ಪಟ್ಟಿ. ಟ್ಯಾಸ್ಕೋ ಉತ್ಪಾದನೆಗೆ ಬರಲೇ ಇಲ್ಲ. ಮಾಡಿದ್ದು ಒಂದೇ ಒಂದು. ಅದು ಈಗ ಇಂಡಿಯಾನಾದ ಆಬರ್ನ್ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಮಿಷಿಗನ್, ಒಹಾಯೊ, ಶಿಕಾಗೊ ಕಡೆ ಇರುವವರು ಒಂದು ಶನಿವಾರ ಹೋಗಿ ಬರಬಹುದು. ನನ್ನ ಕಣ್ಣಿಗೆ ಚೆಂದದ ಕಾರೇನಲ್ಲ ಅದು, ಸೂರು ಮಾತ್ರ ಬಿಟ್ಟರೆ.

ಆ ಸೂರಿಗೆ ಬ್ಯೂರಿಗ್ ಪೇಟೆಂಟ್ ಪಡೆದರು. ಮಂಜೂರಾದದ್ದು 1951ರ ಜೂನ್ 5ರಂದು. ಆಗಿನ ಅಮೆರಿಕದ ಕಾನೂನಿನಲ್ಲಿ ಪೇಟೆಂಟಿನ ಆಯುಷ್ಯ ಮಂಜೂರಾದ ದಿನದಿಂದ 17 ವರ್ಷ. ಕೂಡಿಸಿ ನೋಡಿ, 1968ರ ಜೂನ್‌ವರೆಗೆ. ಹದಿನಾರು ವರ್ಷ ಆ ಕಾಗದವನ್ನು ಯಾರೂ ತಿರುಗಿ ನೋಡಲಿಲ್ಲ. 1967ರ ಸೆಪ್ಟೆಂಬರ್‌ನಲ್ಲಿ ಜನರಲ್ ಮೋಟರ್ಸ್ ತನ್ನ 1968ರ ಮಾದರಿಯ ಷೆವ್ರೊಲೆ ಕಾರ್ವೆಟ್ಟನ್ನು ಮಾರುಕಟ್ಟೆಗೆ ಬಿಟ್ಟಿತು. ಅಮೆರಿಕದಲ್ಲಿ ಕಾರ್ಖಾನೆಯಿಂದ ಸಾಲುಸಾಲಾಗಿ ಹೊರಬಂದ ಮೊದಲ ಟಿ-ಟಾಪ್ ಕಾರು ಅದು. ಪೇಟೆಂಟಿನ ಅವಧಿಯಲ್ಲಿ ಉಳಿದಿದ್ದದ್ದು ಒಂಬತ್ತು ತಿಂಗಳು! ಬ್ಯೂರಿಗ್ ದಾವೆ ಹೂಡಿದರು, ಅದು ರಾಜಿಯಲ್ಲಿ ಮುಗಿಯಿತು. 1990ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಟಿ-ಟಾಪ್ ಕಾರುಗಳು ಲಕ್ಷಗಟ್ಟಲೆ ರಸ್ತೆಯಲ್ಲಿದ್ದವು.

ತಮಾಷೆ ಏನಂದರೆ, ಕಾರ್ವೆಟ್ ಮಾಡಿದವರಿಗೆ ನಡುವಿನ ಪಟ್ಟಿ ಬೇಕಾಗಿಯೇ ಇರಲಿಲ್ಲ. ಅವರು ಅಂದುಕೊಂಡಿದ್ದು ಒಂದೇ ಅಖಂಡ ಫಲಕ. ಅದನ್ನು ಎತ್ತಿದರೆ ತಲೆಯ ಮೇಲೆ ಅಡ್ಡಿಯೇ ಇರಬಾರದು. ಆದರೆ ಪರೀಕ್ಷೆಯ ಕಾರು ಉಬ್ಬುತಗ್ಗಿನ ರಸ್ತೆಗಿಳಿದಾಗ ಮೈ ತಿರುಚಿಕೊಂಡು ಕಿರುಗುಟ್ಟತೊಡಗಿತು. ಒಂದು ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನು ಕೈಯಲ್ಲಿ ಹಿಡಿದು ತಿರುಚಿ ನೋಡಿ, ಸುಲಭವಾಗಿ ತಿರುಚುತ್ತದೆ. ಹೊರಕವಚದೊಳಗೆ ತೂರಿಸಿ ತಿರುಚಿ, ಅಷ್ಟು ಸುಲಭವಿಲ್ಲ. ಕಾರಿಗೂ ಸೂರು ಅಂದರೆ ನೆರಳು ಮಾತ್ರ ಅಲ್ಲ, ಮೈಯನ್ನು ಬಿಗಿಹಿಡಿಯುವ ಅಂಗ. ಅದನ್ನು ತೆಗೆದುಬಿಟ್ಟ ಮೇಲೆ ಮುಂಗಾಜಿನ ಚೌಕಟ್ಟೂ ಹಿಂದಿನ ಕಮಾನೂ ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಅಲುಗಾಡುತ್ತವೆ. ಎಂಜಿನಿಯರುಗಳು ಇಬ್ಬರ ನಡುವೆ ಒಂದು ಉಕ್ಕಿನ ಸೇತುವೆ ಹಾಕಿದರು. ಒಂದು ಫಲಕ ಎರಡಾಯಿತು. ಒಂದು ಮುಚ್ಚಳದ ಸುತ್ತ ಇರಬೇಕಿದ್ದ ಸಂದು ಎರಡು ಮುಚ್ಚಳಗಳ ಸುತ್ತ ಹರಡಿಕೊಂಡಿತು. ನೀರಿಗೆ ದಾರಿ ಹೆಚ್ಚಾಯಿತು ಅಂತಲೇ ಲೆಕ್ಕ.

ಆರಂಭದಲ್ಲೇ ಗಲಾಟೆಯೂ ಆಯಿತು. ಕಾರ್ ಅಂಡ್ ಡ್ರೈವರ್ ಪತ್ರಿಕೆ ತನಗೆ ಕೊಟ್ಟ 1968ರ ಕಾರ್ವೆಟ್ ರಸ್ತೆ ಪರೀಕ್ಷೆಗೆ ಯೋಗ್ಯವಾಗಿಲ್ಲ ಎಂದು ಬರೆದು ಪರೀಕ್ಷೆ ಮಾಡಲೇ ಒಪ್ಪಲಿಲ್ಲ. ಜನ ಮಾತ್ರ ಸೂರಿಗೆ ಮನಸೋತರು. 1968ರಲ್ಲಿ ಟಿ-ಟಾಪ್ ಕೂಪೆ 9,936, ಬಟ್ಟೆಯ ಸೂರಿನ ಕನ್ವರ್ಟಿಬಲ್ 18,630. ಮರುವರ್ಷವೇ ತಕ್ಕಡಿ ತಿರುಗಿತು: ಕೂಪೆ 22,129, ಕನ್ವರ್ಟಿಬಲ್ 16,633. 1975ಕ್ಕೆ ಬಂದರೆ ಕನ್ವರ್ಟಿಬಲ್ ಬರೀ 4,629. ಅಲ್ಲಿಗೆ ಅದನ್ನು ನಿಲ್ಲಿಸಿಯೇಬಿಟ್ಟರು. ಮತ್ತೆ ಬಂದದ್ದು 1986ರಲ್ಲಿ.

ಇದರ ಹಿಂದೆ ಒಂದು ಭಯವೂ ಇತ್ತು. 1965ರಲ್ಲಿ ರಾಲ್ಫ್ ನೇಡರ್ ಅಮೆರಿಕದ ಕಾರುಗಳ ಸುರಕ್ಷತೆಯ ಬಗ್ಗೆ ಬರೆದ ಪುಸ್ತಕ ಸದ್ದು ಮಾಡಿತು, 1966ರಲ್ಲಿ ಕೇಂದ್ರ ಸರ್ಕಾರ ವಾಹನ ಸುರಕ್ಷತಾ ಕಾನೂನು ತಂದಿತು. ಕಾರು ಮಗುಚಿಕೊಂಡರೆ ಒಳಗಿದ್ದವರ ತಲೆ ಉಳಿಯಬೇಕು ಎಂಬ ನಿಯಮ ಇವತ್ತೋ ನಾಳೆಯೋ ಬರುತ್ತದೆ, ಬಂದರೆ ಕನ್ವರ್ಟಿಬಲ್ ಕಥೆ ಮುಗಿಯಿತು ಅಂತ ಕಂಪನಿಗಳೆಲ್ಲ ಅಂದುಕೊಂಡವು. ಅಟ್ಲಾಂಟಿಕ್ ಆಚೆಯ ಪೋರ್ಷೆಗೂ ಅದೇ ಚಿಂತೆ, ಯಾಕಂದರೆ ಅವರ ದೊಡ್ಡ ಗಿರಾಕಿ ಅಮೆರಿಕ. 1965ರ ಫ್ರಾಂಕ್‌ಫರ್ಟ್ ಮೇಳದಲ್ಲಿ ಅವರು 911 ಟಾರ್ಗಾ ತೋರಿಸಿದರು. ಸೀಟಿನ ಹಿಂದೆ ದಪ್ಪನೆಯ ಉಕ್ಕಿನ ಕಮಾನು, ಮುಂದೆ ತೆಗೆಯಬಹುದಾದ ಸೂರು. ಹೆಸರು ಸಿಸಿಲಿ ದ್ವೀಪದ ಟಾರ್ಗಾ ಫ್ಲೋರಿಯೊ ರೇಸಿನದು. ಇಂಗ್ಲೆಂಡಿನ ಟ್ರಯಂಫ್ ಟಿಆರ್4 ಇದಕ್ಕೂ ಮೊದಲೇ, 1961ರಲ್ಲೇ, ಹಿಂಗಾಜಿನ ಚೌಕಟ್ಟನ್ನು ಉಳಿಸಿಕೊಂಡು ನಡುಭಾಗವನ್ನಷ್ಟೇ ತೆಗೆಯುವ ಸೂರು ಕೊಟ್ಟಿತ್ತು. ಅದಕ್ಕೆ ಭಯ ಕಾರಣವಲ್ಲ ಬಿಡಿ, ಇಂಗ್ಲೆಂಡಿನ ಹವಾಮಾನ ಕಾರಣ ಅಂತ ನನ್ನ ಗುಮಾನಿ.

ಅಷ್ಟೆಲ್ಲ ಹೆದರಿದ್ದ ನಿಯಮ ಬಂತೇ? ಸೂರಿನ ಬಲ ಅಳೆಯುವ ನಿಯಮ 1973ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಅದರಲ್ಲಿ ಕನ್ವರ್ಟಿಬಲ್‌ಗಳಿಗೆ ವಿನಾಯಿತಿ. ಆದರೆ ಅಷ್ಟರಲ್ಲಿ ಕಂಪನಿಗಳು ಕನ್ವರ್ಟಿಬಲ್ ಕೈಬಿಡುತ್ತ ಬಂದಿದ್ದವು, ಏರ್ ಕಂಡಿಷನರ್ ಬಂದು ಜನರಿಗೂ ಅದರ ಮೋಹ ಇಳಿದಿತ್ತು. 1976ರಲ್ಲಿ ಕ್ಯಾಡಿಲಾಕ್ ತನ್ನ ಎಲ್ಡೊರಾಡೊವನ್ನು ಅಮೆರಿಕದ ಕೊನೆಯ ಕನ್ವರ್ಟಿಬಲ್ ಅಂತಲೇ ಮಾರಿತು. ಬರದೇ ಹೋದ ಕಾನೂನಿಗೆ ಹೆದರಿ ಖಾಲಿ ಬಿಟ್ಟ ಜಾಗದಲ್ಲಿ ಟಿ-ಟಾಪ್ ಬಂದು ಕೂತಿತು.

ಬಂದದ್ದೂ ಹೇಗೆ! 1976ರಲ್ಲಿ ಪಾಂಟಿಯಾಕ್‌ಗೆ ಐವತ್ತು ತುಂಬಿದ ನೆನಪಿಗೆ ಕಪ್ಪು-ಚಿನ್ನದ ಬಣ್ಣದ ವಿಶೇಷ ಟ್ರಾನ್ಸ್ ಆ್ಯಮ್ ಬಿಟ್ಟರು, ಗಾಜಿನ ಟಿ-ಟಾಪ್ ಸಮೇತ. ಮುಚ್ಚಳ ಹರ್ಸ್ಟ್ ಎಂಬ ಹೊರಗಿನ ಕಂಪನಿಯದು. ಮರುವರ್ಷ ಬರ್ಟ್ ರೆನಾಲ್ಡ್ಸ್ ಅದೇ ಬಣ್ಣದ ಕಾರಿನಲ್ಲಿ ಪೊಲೀಸರನ್ನು ಸಿನಿಮಾ ಪೂರ್ತಿ ಓಡಿಸಿದ, ಸ್ಮೋಕಿ ಅಂಡ್ ದಿ ಬ್ಯಾಂಡಿಟ್. 1976ರಲ್ಲಿ 46,701 ಮಾರಾಟವಾಗಿದ್ದ ಟ್ರಾನ್ಸ್ ಆ್ಯಮ್ 1979ರಲ್ಲಿ 1,17,108 ಹೋಯಿತು. ಮುಚ್ಚಳ ಕದಿಯುವ ಕಳ್ಳರೂ ಹುಟ್ಟಿಕೊಂಡರು; ಅದಕ್ಕೆ ಬೇರೆ ಬೀಗಗಳು ಅಂಗಡಿಗೆ ಬಂದವು. ಹರ್ಸ್ಟ್ ಮುಚ್ಚಳಗಳು ಸೋರುವುದಕ್ಕೆ ಹೆಸರಾದವು. 1978ರ ನಡುವೆ ಜನರಲ್ ಮೋಟರ್ಸ್‌ನ ಸ್ವಂತ ಫಿಷರ್ ಬಾಡಿ ವಿಭಾಗವೇ ಮುಚ್ಚಳ ಮಾಡತೊಡಗಿತು. ಇದು ದುರಸ್ತಿಗೆ ಕೈಹಾಕುವವರು ಮೊದಲು ತಿಳಿಯಬೇಕಾದ ಸಂಗತಿ. ಹರ್ಸ್ಟ್‌ನದು ಚಿಕ್ಕ ಗಾಜು, ಅಗಲ ಪಟ್ಟಿ; ಫಿಷರ್‌ನದು ದೊಡ್ಡ ಗಾಜು, ಕಿರಿದಾದ ಪಟ್ಟಿ. ಒಂದರ ರಬ್ಬರ್ ಇನ್ನೊಂದಕ್ಕೆ ಕೂರುವುದಿಲ್ಲ. 1978ರ ಕಾರಾದರೆ ಯಾವುದೂ ಇರಬಹುದು. ವರ್ಷ ನೋಡಿ ಸಾಮಾನು ತರಿಸಬೇಡಿ, ಸೂರು ನೋಡಿ ತರಿಸಿ.

ಈಗ ಗ್ಯಾರೇಜಿಗೆ ಬನ್ನಿ. ನಾನಿರುವುದು ಡೆಟ್ರಾಯಿಟ್ ಪಕ್ಕದ ಒಂದು ಊರಿನಲ್ಲಿ. ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ, ಕಾರು ಕಾರ್ಖಾನೆಯಲ್ಲಿ ಅಚ್ಚು ಮಾಡುವ ಕೆಲಸ ಮಾಡಿ ನಿವೃತ್ತರಾದವರು. ಅವರದು 1969ರ ಕಾರ್ವೆಟ್ ಕೂಪೆ. ಮೊಮ್ಮಗಳಿಗೆ ಕೊಡಬೇಕೆಂದಿದ್ದಾರೆ, ಕೊಡುವ ಮುಂಚೆ ಸೂರು ಸರಿ ಮಾಡಬೇಕೆಂದು ಹಟ. ಕಳೆದ ಬೇಸಿಗೆ ಪೂರ್ತಿ ನಾನು ಅಲ್ಲಿ ಸ್ಪ್ಯಾನರ್ ಎತ್ತಿಕೊಡುವ ಹುಡುಗ. ನಮ್ಮ ಕನ್ನಡ ಕೂಟದಲ್ಲಿ ಕಾರಿನ ಬಾಗಿಲ ರಬ್ಬರಿನ ಮೇಲೇ ಇಪ್ಪತ್ತು ವರ್ಷ ಕೆಲಸ ಮಾಡಿದ ಗೆಳೆಯರೊಬ್ಬರಿದ್ದಾರೆ. ಒಂದು ಭಾನುವಾರ ಅವರನ್ನೂ ಕರೆದುಕೊಂಡು ಹೋದೆ. ಇಬ್ಬರೂ ಒಂದು ಗಂಟೆ ಮುಚ್ಚಳದ ಹತ್ತಿರವೇ ಸುಳಿಯಲಿಲ್ಲ. ಬಗ್ಗಿ ಕಾರಿನ ಅಡಿ ನೋಡುತ್ತಿದ್ದರು.

ಕಾರಣ ಇದು. ಈ ಕಾರ್ವೆಟ್ಟಿನ ಮೈ ಫೈಬರ್‌ಗ್ಲಾಸ್. ಅದರೊಳಗೆ ಮುಂಗಾಜು, ಬಾಗಿಲು, ಸೂರು ಎಲ್ಲವನ್ನೂ ಹೊತ್ತ ಉಕ್ಕಿನ ಪಂಜರವಿದೆ; ಹಕ್ಕಿಪಂಜರ ಅಂತಲೇ ಕರೆಯುತ್ತಾರೆ. ಪಂಜರ ಕೂತಿರುವುದು ಚಾಸಿಯ ಮೇಲಿನ ಮೆತ್ತೆಗಳ ಮೇಲೆ. ಮೆತ್ತೆ ಕುಸಿದರೆ, ಅದರ ಕೆಳಗಿನ ತೆಳು ತಗಡಿನ ಬಿಲ್ಲೆಗಳು ತುಕ್ಕು ಹಿಡಿದು ಉದುರಿದರೆ, ಮೈ ಒಂದು ಕಡೆ ಜಗ್ಗುತ್ತದೆ. ಜಗ್ಗಿದರೆ ಬಾಗಿಲ ಸಂದು ಮೇಲೊಂದು ಕೆಳಗೊಂದು ಆಗುತ್ತದೆ, ಬಾಗಿಲಿನ ಗಾಜು ಓರೆಯಾಗುತ್ತದೆ, ಆ ಗಾಜು ಒರಗಬೇಕಾದ ರಬ್ಬರ್ ಇರುವುದು ಮುಚ್ಚಳದ ಅಂಚಿನಲ್ಲಿ. ಹಾಗಾಗಿ ಕೆಲಸ ನೆಲದಿಂದ ಮೇಲಕ್ಕೆ ಹೋಗಬೇಕು: ಮೆತ್ತೆ, ಬಾಗಿಲು, ಗಾಜು, ಕೊನೆಗೆ ಮುಚ್ಚಳ. ಬಾಗಿಲು ಸರಿಯಾಗುವ ಮುಂಚೆ ಹೊಸ ರಬ್ಬರ್ ಅಂಟಿಸುವುದೆಂದರೆ ಗೋಡೆ ವಾಲಿದ ಮನೆಗೆ ಕಿಟಕಿ ಕೂರಿಸಿದ ಹಾಗೆ.

ಮೆತ್ತೆ ಬದಲಿಸಿ, ಬಿಲ್ಲೆ ಸೇರಿಸಿ, ಬಾಗಿಲ ಸಂದು ಒಂದೇ ಸಮನಾಗುವ ಹೊತ್ತಿಗೆ ಜುಲೈ ಮುಗಿದಿತ್ತು. ಆಮೇಲೆ ಮುಂಗಾಜಿನ ಸುತ್ತಲಿನ ಸ್ಟೀಲ್ ಪಟ್ಟಿ ಬಿಚ್ಚಿದಾಗ ಅಸಲು ಸಮಸ್ಯೆ ಕಂಡಿತು. ಮೇಲಿನ ಎರಡು ಮೂಲೆಗಳಲ್ಲಿ ಪಂಜರದ ಉಕ್ಕು ಪದರ ಪದರವಾಗಿ ಏಳುತ್ತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇಂಥ ಕಾರು ಕೊಳ್ಳುವ ಆಸೆಯಿರುವ ನಮ್ಮವರು ಇಲ್ಲಿ ಬಹಳ ಮಂದಿ ಇದ್ದಾರೆ. ಫೈಬರ್‌ಗ್ಲಾಸಿಗೆ ತುಕ್ಕು ಹಿಡಿಯುವುದಿಲ್ಲ, ಆದ್ದರಿಂದ ಕಾರ್ವೆಟ್ಟಿಗೂ ಹಿಡಿಯುವುದಿಲ್ಲ ಅಂತ ನಂಬಿಕೆ. ಹೊರಗೆ ಫಳಫಳ ಹೊಳೆಯುವ ಬಣ್ಣ, ಒಳಗೆ ಸೀಟಿನ ಮೇಲೆ ನಾಲ್ಕು ಹನಿ ಬಿದ್ದರೆ ಒರೆಸಿಕೊಂಡರಾಯಿತು ಅನ್ನೋ ಸಮಾಧಾನ. ಆದರೆ ತೊಡೆಯ ಮೇಲೆ ಬಿದ್ದ ಹನಿಯಿಂದ ಕಾರಿಗೆ ಹೆಚ್ಚು ಕೇಡಿಲ್ಲ. ಕಾಣದ ಹನಿ ಇದೆಯಲ್ಲ, ಮುಚ್ಚಳದ ಮುಂದಿನ ಮೂಲೆಯಲ್ಲಿ ನುಸುಳಿ, ಕಂಬದೊಳಗೆ ಇಳಿದು, ಡ್ಯಾಶ್‌ಬೋರ್ಡಿನ ಹಿಂದೆ ಕಂಬದ ಬುಡದಲ್ಲಿ ನಿಲ್ಲುವಂಥದ್ದು, ಅದು ವರ್ಷಗಟ್ಟಲೆ ಕೂತು ಪಂಜರವನ್ನು ತಿನ್ನುತ್ತದೆ. ಮುಂಗಾಜನ್ನು ಹಿಡಿದಿರುವ ಚೌಕಟ್ಟೇ ಟೊಳ್ಳಾದರೆ ಆ ಕಾರಿನಲ್ಲಿ ಮೊಮ್ಮಗಳನ್ನು ಕೂರಿಸುವುದು ಹೇಗೆ? ಕಾರು ಕೊಳ್ಳುವಾಗ ಕಾಲ ಬಳಿಯ ಕಾರ್ಪೆಟ್ ಎತ್ತಿ ಮೂಗು ಹತ್ತಿರ ಹಿಡಿಯಿರಿ. ಮುಂಗಾಜಿನ ಮೂಲೆಯ ಬಣ್ಣದಲ್ಲಿ ಗುಳ್ಳೆಗಳಿವೆಯೇ ನೋಡಿ. ಎಂಜಿನ್ ಸದ್ದು ಆಮೇಲೆ ಕೇಳಿದರೂ ನಡೆಯುತ್ತೆ.

ಇಲ್ಲಿ ನಮ್ಮ ಹಿರಿಯರಿಗೆ ಎರಡು ದಾರಿ ಇತ್ತು. ಮೂಲೆಗೆ ಸೀಲೆಂಟ್ ತುಂಬಿ ಪಟ್ಟಿ ಮುಚ್ಚಿಬಿಡುವುದು ಒಂದು. ಬಹಳ ಅಂಗಡಿಯವರು ಅದನ್ನೇ ಮಾಡುತ್ತಾರೆ, ಮಾರುವವರಂತೂ ಖಂಡಿತ. ಇನ್ನೊಂದು, ಮುಂಗಾಜನ್ನೇ ತೆಗೆದು, ಕೊಳೆತ ಉಕ್ಕನ್ನು ಕತ್ತರಿಸಿ, ಹೊಸ ತುಂಡು ಬೆಸೆಯುವುದು. ಬೆಸೆದ ಚೌಕಟ್ಟು ಎರಡು ಮಿಲಿಮೀಟರ್ ಅತ್ತಿತ್ತ ಆದರೂ ಮುಚ್ಚಳ ಕೂರುವುದಿಲ್ಲ. ಹಾಗಾಗಿ ಕತ್ತರಿಸುವ ಮುಂಚೆ ಎರಡೂ ಮುಚ್ಚಳಗಳನ್ನು ಕೂರಿಸಿ, ಚಿಲಕ ಬಿಗಿದು, ಮುಚ್ಚಳವನ್ನೇ ಅಚ್ಚಿನಂತೆ ಇಟ್ಟುಕೊಂಡು ಬೆಸುಗೆ ಹಾಕಿಸಿದರು. ಅಚ್ಚಿನ ಕೆಲಸ ಮಾಡಿದ ಕೈ ಅಂದರೆ ಅದು.

ಆ ಮುಚ್ಚಳಗಳ ಬಗ್ಗೆಯೂ ಹೇಳಬೇಕು. ಅಂಚಿನಲ್ಲಿ ಜೇಡರ ಬಲೆಯಂಥ ಬಿರುಕು, ಒಂದು ಕಡೆ ಹೊರಪದರ ಒಳಚೌಕಟ್ಟಿನಿಂದ ಬಿಟ್ಟುಕೊಂಡಿತ್ತು. ಬೇರೆ ಕಾರಿನಿಂದ ಬಿಚ್ಚಿದ ಒಳ್ಳೆಯ ಜೋಡಿ ಸಿಗುತ್ತಲ್ಲ ಅಂದೆ. ತಲೆಯಾಡಿಸಿದರು. ಆ ಕಾಲದ ಫೈಬರ್‌ಗ್ಲಾಸ್ ಒಂದರ ಹಾಗೆ ಇನ್ನೊಂದಿರುವುದಿಲ್ಲ, ಒಂದು ಕಾರಿನ ಮುಚ್ಚಳ ಇನ್ನೊಂದರ ಮೇಲೆ ಸಲೀಸಾಗಿ ಕೂರುವುದು ಅಪರೂಪ. ನೀವು ಹಳೆಯ ಟಿ-ಟಾಪ್ ಕಾರು ಕೊಂಡರೆ ಬಿರುಕು ಬಿಟ್ಟಿದ್ದರೂ ಅದರ ಹುಟ್ಟು ಮುಚ್ಚಳವನ್ನು ಎಸೆಯಬೇಡಿ. ಬಿರುಕಿನ ಬಣ್ಣವನ್ನು ಗಟ್ಟಿ ನೂಲಿನವರೆಗೆ ಕೆರೆದು, ಅಂಚನ್ನು ಇಳಿಜಾರಾಗಿ ತೇಯ್ದು, ಹೊಸ ಗಾಜಿನೆಳೆ ಬಟ್ಟೆಯನ್ನು ಎಪಾಕ್ಸಿಯಲ್ಲಿ ನೆನೆಸಿ ಪದರ ಪದರವಾಗಿ ಕಟ್ಟಬಹುದು. ಬರೀ ಪುಟ್ಟಿ ಮೆತ್ತಿದರೆ ಒಂದೇ ಚಳಿಗಾಲಕ್ಕೆ ಬಿರುಕು ಮತ್ತೆ ಕಾಣಿಸುತ್ತದೆ. ತೇಯುವಾಗ ಮಾಸ್ಕ್ ಕಡ್ಡಾಯ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ರಬ್ಬರಿನ ಸರದಿ ಬಂದದ್ದು ಸೆಪ್ಟೆಂಬರ್‌ನಲ್ಲಿ. ಹಳೆಯ ರಬ್ಬರ್ ಹರಿದಿರಲಿಲ್ಲ, ಚಪ್ಪಟೆಯಾಗಿತ್ತು. ದಶಕಗಟ್ಟಲೆ ಒತ್ತಿಸಿಕೊಂಡ ರಬ್ಬರ್ ಬಿಟ್ಟರೂ ಮೇಲೇಳುವುದಿಲ್ಲ. ಬಿಸಿಲಿಗೂ ಓಜೋನಿಗೂ ಗಡುಸಾಗಿರುತ್ತದೆ. ಹೊಸದು ಇದಕ್ಕೆ ವಿರುದ್ಧ, ಎಷ್ಟು ಉಬ್ಬಿರುತ್ತದೆಂದರೆ ಮೊದಲ ಕೆಲವು ವಾರ ಬಾಗಿಲು ಹಾಕಲು ಭುಜ ಕೊಡಬೇಕು. ಹೆದರಿ ರಬ್ಬರ್ ಕತ್ತರಿಸಲು ಹೋಗಬೇಡಿ. ಅಂಟು ಹಾಕುವ ಮುಂಚೆ ಒಣ ಜೋಡಣೆ ಮಾಡಿ, ರಬ್ಬರಿಗೆ ಸೀಮೆಸುಣ್ಣ ಸವರಿ ಮುಚ್ಚಳ ಹಾಕಿ ತೆಗೆಯಿರಿ. ಎದುರು ಭಾಗದಲ್ಲಿ ಬಿಳಿಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಸ್ಪರ್ಶವಿಲ್ಲ. ಕಾಗದದ ಪಟ್ಟಿ ಸಿಕ್ಕಿಸಿ ಎಳೆದು ನೋಡುವುದು ಇನ್ನೊಂದು ದಾರಿ, ಬಿಗಿಯಾಗಿ ಬಂದರೆ ಸರಿ, ಜಾರಿದರೆ ಇಲ್ಲ. ರಾತ್ರಿ ಒಳಗೆ ದೀಪ ಹಚ್ಚಿ ಹೊರಗೆ ನಿಂತು ಬೆಳಕು ಎಲ್ಲಿ ಇಣುಕುತ್ತೆ ನೋಡಿದ್ದೂ ಆಯಿತು. ನಮಗೆ ತೊಂದರೆ ಕೊಟ್ಟದ್ದು ಎಲ್ಲರಿಗೂ ತೊಂದರೆ ಕೊಡುವ ಜಾಗವೇ: ಕಂಬದ ರಬ್ಬರ್, ಮುಂಗಾಜಿನ ಮೇಲಂಚಿನ ರಬ್ಬರ್, ಮುಚ್ಚಳದ ರಬ್ಬರ್ ಮೂರೂ ಸೇರುವ ಮೂಲೆ. ಅಲ್ಲಿ ಚಿಲಕದ ಕೊಂಡಿಯನ್ನು ಒಂದೊಂದೇ ತಿರುವು ಹೊಂದಿಸುತ್ತಾ ಮೂರು ಸಂಜೆ ಕಳೆದವು.

ಮೂಲದಲ್ಲೇ ಸೋರುತ್ತಿದ್ದ ಕಾರನ್ನು ಸೋರದಂತೆ ಮಾಡಿದರೆ ಅದು ಮೂಲದಂತೆ ಉಳಿಯಿತೇ ಅಂತ ನೀವು ಕೇಳಬಹುದು. ಪ್ರಶ್ನೆ ಕುಚೋದ್ಯದ್ದಲ್ಲ. 1974ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ವೆಟ್ ಪುನರುದ್ಧಾರಕರ ಸಂಘ ಕಾರುಗಳನ್ನು ಅಳೆಯುವುದೇ ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತು ಎಂಬ ಅಳತೆಗೋಲಿನಿಂದ. ಹೆಚ್ಚುವರಿ ಸ್ಪಂಜು, ದಪ್ಪ ಅಂಟು ಕಂಡರೆ ಅವರು ಮೂಗು ಮುರಿಯುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಇಲ್ಲಿ ಜಗಳವೇ ಇಲ್ಲ. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಖಾನೆಯ ಸಾಲಿನಲ್ಲಿ ಹೊಂದಿಸುವುದಕ್ಕೆ ಸಿಗದ ಸಮಯವನ್ನು ಈ ಗ್ಯಾರೇಜಿನಲ್ಲಿ ಕೊಟ್ಟೆವು, ಹೊರಗಿನದೇನನ್ನೂ ಸೇರಿಸಲಿಲ್ಲ. ಅದೇ ಬಿಲ್ಲೆ, ಅದೇ ಚಿಲಕ, ಅದೇ ಮುಚ್ಚಳ.

ಮುಂದೆ 1984ರ ಹೊಸ ಕಾರ್ವೆಟ್ಟಿನಲ್ಲಿ ಆ ಪಟ್ಟಿಯೇ ಹೋಯಿತು. ವಿನ್ಯಾಸ ಬಹುಪಾಲು ಮುಗಿದ ಮೇಲೆ ಮೇಲಧಿಕಾರಿ ಲಾಯ್ಡ್ ರಾಯ್ಸ್ ಅದನ್ನು ತೆಗೆಸಿದರು, ಕಳೆದುಕೊಂಡ ಬಿಗಿಯನ್ನು ಕೆಳಗಿನ ಚೌಕಟ್ಟಿನಲ್ಲಿ ತುಂಬಬೇಕಾಯಿತು. ಆ ಕಾರು ಹತ್ತುವಾಗ ಬಾಗಿಲ ಹೊಸ್ತಿಲು ಅಷ್ಟು ಎತ್ತರ ಯಾಕಪ್ಪಾ ಅಂತ ಮಂಡಿ ನೋವಿನವರು ಬೈದುಕೊಳ್ಳುವುದಕ್ಕೆ ಅದೂ ಒಂದು ಕಾರಣ. ಕಮಾರೊ, ಫೈರ್‌ಬರ್ಡ್‌ಗಳು 2002ರವರೆಗೆ ಟಿ-ಟಾಪ್ ಉಳಿಸಿಕೊಂಡು, ತಾವೂ ಅದರ ಜೊತೆಗೇ ನಿಂತವು.

ಅಕ್ಟೋಬರ್ ಮೊದಲ ವಾರ ತೋಟದ ಪೈಪಿನಿಂದ ನೀರು ಬಿಟ್ಟೆವು. ಒತ್ತಡದ ನೀರಲ್ಲ, ಸುಮ್ಮನೆ ಹರಿಯುವ ನೀರು. ಕೆಳಗಿನಿಂದ ಶುರು ಮಾಡಿ ನಿಧಾನವಾಗಿ ಮೇಲಕ್ಕೆ, ಒಂದೊಂದು ಸಂದಿಗೆ ಐದೈದು ನಿಮಿಷ. ನಾನು ಒಳಗೆ ಟಾರ್ಚ್ ಹಿಡಿದು ಕೂತಿದ್ದೆ. ಎಡಗಡೆ ಪೂರ್ತಿ ಒಣ. ಬಲಗಡೆ ಮೂಲೆಯಲ್ಲಿ ಹದಿನೈದನೇ ನಿಮಿಷಕ್ಕೆ ಒಂದು ಹನಿ ಮೂಡಿ ನಿಂತಿತು. ಕೊಂಡಿಯನ್ನು ಇನ್ನರ್ಧ ತಿರುವು ಒಳಗೆ ಕೊಟ್ಟ ಮೇಲೆ ಅದೂ ನಿಂತಿತು. ಈಗ ಚಳಿಗಾಲಕ್ಕೆ ಕಾರು ಒಳಗಿದೆ. ಹೊಸ ರಬ್ಬರ್ ಚಪ್ಪಟೆಯಾಗದಿರಲೆಂದು ಚಿಲಕಗಳನ್ನು ಅರ್ಧ ಸಡಿಲಿಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ ಬಿಟ್ಟಿದ್ದಾರೆ. ಕಿತ್ತ ಹಳೆಯ ರಬ್ಬರಿನ ತುಂಡುಗಳನ್ನೂ ಎಸೆದಿಲ್ಲ. ಯಾವುದು ಎಲ್ಲಿಯದೆಂದು ಚೀಟಿ ಅಂಟಿಸಿ ಒಂದು ಡಬ್ಬಿಯಲ್ಲಿಟ್ಟಿದ್ದಾರೆ. ಮುಂದೊಮ್ಮೆ ಮೊಮ್ಮಗಳು ಇದೇ ಕೆಲಸಕ್ಕೆ ಕೂತಾಗ, ಅಂಗಡಿಯಲ್ಲಿ ಸಿಗುವ ರಬ್ಬರಿನ ಆಕಾರ ಸರಿಯಿದೆಯೇ ಅಂತ ಅಡ್ಡ ಕತ್ತರಿಸಿ ಹೋಲಿಸಲು ಅವು ಬೇಕಾಗುತ್ತವೆ.